ಬೆಟ್ಟದ ತುದಿಯ ಚಳಿಯನ್ನು ನಾನೇ ಅಳೆದು ನೋಡಿದೆ

ಶಿಖರ ಸೂರ್ಯನಿಗೆ ಹತ್ತಿರ ಅಲ್ವಾ, ಹಾಗಿದ್ದೂ ಅಲ್ಲಿ ಹಿಮ ಯಾಕೆ? ಮಕ್ಕಳು ಹೀಗೆ ಕೇಳಿದಾಗ ಸೂರ್ಯ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಐದಾರು ಕಿಲೋಮೀಟರ್ ಹತ್ತಿರವಾದರೆ ಏನೂ ಆಗಲ್ಲ ಎನ್ನುತ್ತೇವೆ. ಅದು ಸರಿ. ಆದರೆ ಚಳಿ ಎಲ್ಲಿಂದ ಬಂತು ಅನ್ನುವುದಕ್ಕೆ ಅದು ಉತ್ತರವಲ್ಲ. ಹಾಗಾಗಿ ಚಾರಣಕ್ಕೆ ಹೋಗುವಾಗ ಥರ್ಮಾಮೀಟರ್ ಜೊತೆಗಿಟ್ಟುಕೊಳ್ಳಲು ಶುರು ಮಾಡಿದೆ.

ಗಾಳಿಯ ಬಿಸಿ ಅಳೆಯುವುದು ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಬಿಸಿಲಿಗೆ ಹಿಡಿದರೆ ಥರ್ಮಾಮೀಟರ್ ತನ್ನ ಬಿಸಿಯನ್ನೇ ತೋರಿಸುತ್ತದೆ, ಗಾಳಿಯದ್ದನ್ನಲ್ಲ. ಅದಕ್ಕೆ ನೆರಳು ಹುಡುಕಿ, ದಾರ ಕಟ್ಟಿ, ಮೈಗೆ ತಾಗದಂತೆ ದೂರ ಹಿಡಿದು ನಿಧಾನವಾಗಿ ತೂಗುತ್ತೇನೆ. ಅಂಕಿ ನಿಂತ ಮೇಲೆ ಬರೆದುಕೊಳ್ಳುತ್ತೇನೆ. ಇನ್ನೊಂದು ತೊಡಕು ಸಮಯದ್ದು. ಬೆಳಿಗ್ಗೆ ಹೊರಟು ಮಧ್ಯಾಹ್ನ ಮೇಲೆ ತಲುಪುವಷ್ಟರಲ್ಲಿ ಕೆಳಗೂ ಬಿಸಿ ಏರಿರುತ್ತದೆ. ಅದಕ್ಕಾಗಿ ತಪ್ಪಲಲ್ಲಿ ಉಳಿಯುವ ಗೆಳೆಯನ ಕೈಗೆ ಅಂಥದ್ದೇ ಇನ್ನೊಂದು ಥರ್ಮಾಮೀಟರ್ ಕೊಟ್ಟು, ಗಂಟೆಗೊಮ್ಮೆ ಬರೆದಿಡು ಎಂದು ಹೇಳಿ ಹೋಗುತ್ತೇನೆ. ಒಂದೇ ಹೊತ್ತಿನ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಮಾತ್ರ ಹೋಲಿಕೆ ಸಾಧ್ಯ.

ಸಾವಿರ ಮೀಟರ್ ಏರಿದರೆ ಸಾಮಾನ್ಯವಾಗಿ 6ರಿಂದ 7 ಡಿಗ್ರಿ ಇಳಿಯುತ್ತಿತ್ತು. ಪುಸ್ತಕಗಳು ಕೊಡುವ ಸರಾಸರಿ 6.5 ಡಿಗ್ರಿ. ಅಂದರೆ ತಪ್ಪಲಲ್ಲಿ 30 ಡಿಗ್ರಿ ಸೆಕೆ ಇದ್ದರೂ ಅಲ್ಲಿಂದ 5000 ಮೀಟರ್ ಮೇಲೆ ಸೊನ್ನೆಗಿಂತ ಕೆಳಗೆ. ಸಮಭಾಜಕ ವೃತ್ತದಿಂದ ಬರೀ 3 ಡಿಗ್ರಿ ದಕ್ಷಿಣಕ್ಕಿರುವ, 5895 ಮೀಟರ್ ಎತ್ತರದ ಕಿಲಿಮಂಜಾರೋ ಮೇಲೆ ಹಿಮನದಿ ಇರುವುದು ಹೀಗೆ. ಅದರ ಬಹುಪಾಲು ಕಳೆದ ನೂರು ವರ್ಷಗಳಲ್ಲಿ ಕರಗಿಹೋಗಿದೆ ಅನ್ನುವುದು ಸಂಕಟದ ಮಾತು.

ಗಾಳಿ ಯಾಕೆ ತಣ್ಣಗಾಗುತ್ತದೆ ಅನ್ನುವುದು ನನಗೆ ಮನದಟ್ಟಾಗಿದ್ದು ಪ್ಲಾಸ್ಟಿಕ್ ಬಾಟಲಿಯಿಂದ. ಖಾಲಿ ಬಾಟಲಿಗೆ ಬೆಟ್ಟದ ತುದಿಯಲ್ಲಿ ಬಿಗಿಯಾಗಿ ಮುಚ್ಚಳ ಹಾಕಿ ಕೆಳಗೆ ತಂದರೆ, ಹಿಂಡಿದ ಹಾಗೆ ಅಪ್ಪಚ್ಚಿಯಾಗಿರುತ್ತದೆ. ಕೆಳಗೆ ಗಾಳಿಯ ಒತ್ತಡ ಅಷ್ಟು ಜಾಸ್ತಿ. 5500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಸುಮಾರು ಅರ್ಧ. ಈಗ ಇದನ್ನೇ ತಿರುಗಿಸಿ ಯೋಚಿಸಿ. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇಳುತ್ತದೆ, ಒತ್ತಡ ಕಡಿಮೆಯಾದಂತೆ ಹಿಗ್ಗುತ್ತದೆ. ಹಿಗ್ಗಲು ಸುತ್ತಲಿನ ಗಾಳಿಯನ್ನು ತಳ್ಳಬೇಕು, ಆ ಕೆಲಸಕ್ಕೆ ತನ್ನ ಬಿಸಿಯನ್ನೇ ಖರ್ಚು ಮಾಡುತ್ತದೆ. ಸೈಕಲ್ ಪಂಪು ಒತ್ತಿದಾಗ ಬಿಸಿಯಾಗುತ್ತದಲ್ಲ, ಅದರ ಉಲ್ಟಾ.

ಒಣ ಗಾಳಿ ಹೀಗೆ ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿ ತಣ್ಣಗಾಗುತ್ತದೆ. ಮೋಡ ಕಟ್ಟುವಾಗ ಆವಿ ನೀರಾಗಿ ಬಿಸಿ ಬಿಟ್ಟುಕೊಡುತ್ತದೆ, ಆಗ ಇಳಿಕೆ ನಿಧಾನ. ಮೋಡದ ದಿನಗಳ ನನ್ನ ಅಂಕಿಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತಿತ್ತು.

ಮೇಲೆ ಬಿಸಿಲೇನೂ ಕಡಿಮೆ ಇರುವುದಿಲ್ಲ. ಕೆನ್ನೆ ಸುಡುತ್ತದೆ, ಬಂಡೆಯ ನೆರಳಿಗೆ ಸರಿದರೆ ನಡುಕ. ಹಾಗಾದರೆ ಶಿಖರದ ನೆಲವೂ ಕಾಯಬೇಕಲ್ಲ? ಕಾಯುತ್ತದೆ. ಆದರೆ ಶಿಖರದಲ್ಲಿ ನೆಲ ಎಷ್ಟಿದೆ? ಸುತ್ತಲೂ ತಣ್ಣನೆಯ ಗಾಳಿ, ಅದು ಬೀಸುತ್ತಲೇ ಇರುತ್ತದೆ. ಟಿಬೆಟ್‌ನಂಥ ವಿಶಾಲ ಪ್ರಸ್ಥಭೂಮಿಯ ಮಾತು ಬೇರೆ. ಅಲ್ಲಿ ಬೇಸಿಗೆಯಲ್ಲಿ ನೆಲವೇ ಗಾಳಿಯನ್ನು ಕಾಯಿಸಿ, ಅದೇ ಎತ್ತರದ ಬಯಲು ಆಕಾಶಕ್ಕಿಂತ ಬೆಚ್ಚಗಿಡುತ್ತದೆ.

ಚಳಿಯೊಂದೇ ಸಾಲದು, ಹಿಮ ಬೀಳಲೂ ಬೇಕು. ಅಟಕಾಮಾ ಮರುಭೂಮಿಯ ಅಂಚಿನಲ್ಲಿ 6000 ಮೀಟರ್ ದಾಟಿದ ಕೆಲವು ಶಿಖರಗಳಲ್ಲೂ ಹಿಮನದಿ ಇಲ್ಲ, ಅಷ್ಟು ಒಣ ಹವೆ. ಬಿದ್ದ ಹಿಮ ಮಾತ್ರ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಹೊಸ ಹಿಮ ಬಿಸಿಲಿನ 80–90 ಶೇಕಡಾ ಭಾಗವನ್ನು ಹಾಗೇ ವಾಪಸ್ ಕಳಿಸುತ್ತದೆ. ಕರಗುತ್ತಿರುವ ಹಿಮದೊಳಗೆ ಥರ್ಮಾಮೀಟರ್ ಚುಚ್ಚಿದರೆ ಬಿಸಿಲು ಎಷ್ಟೇ ಇರಲಿ, ಸೊನ್ನೆಯಲ್ಲೇ ನಿಲ್ಲುತ್ತದೆ. ಒಂದಿಷ್ಟು ಹಿಮ ಕರಗಿಸಲು ಬೇಕಾದ ಶಾಖದಲ್ಲಿ ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು.