ದಾಳಿ ಸುದ್ದಿ ಬಂದಾಗ ಡೆಸ್ಕ್‌ನಲ್ಲಿ ನಾನು ಮಾಡಿಕೊಂಡ ಕಟ್ಟುಪಾಡು

ಎಲ್ಲೋ ಸ್ಫೋಟ ಆಗಿದೆ ಅಂತ ಫೋನ್ ಬಂದ ತಕ್ಷಣ ಟಿವಿ ಡೆಸ್ಕ್‌ನ ಪಾಡು ವಿಚಿತ್ರ. ಗೊತ್ತಿರುವುದು ಎರಡು ಸಾಲು, ತುಂಬಿಸಬೇಕಾಗಿರುವುದು ಇಡೀ ಗಂಟೆ. ಊಹೆ, ಗಾಳಿಸುದ್ದಿ ಎಲ್ಲ ನುಗ್ಗುವುದು ಈ ಖಾಲಿ ಜಾಗಕ್ಕೇ. ನ್ಯೂಸ್ ಚಾನೆಲ್ ಒಂದರ ಔಟ್‌ಪುಟ್ ಡೆಸ್ಕ್ (ತೆರೆ ಮೇಲೆ ಏನು ಹೋಗಬೇಕು ಅಂತ ನಿರ್ಧರಿಸುವ ವಿಭಾಗ) ನೋಡಿಕೊಳ್ಳುತ್ತಿದ್ದಾಗ ಅದಕ್ಕೆ ಬೇಕಾದ್ದನ್ನು ಮೊದಲೇ ತಯಾರು ಮಾಡಿಡುತ್ತಿದ್ದೆ: ಸಹಾಯವಾಣಿ ಪಟ್ಟಿ, ಬಂದ್ ಆದ ರಸ್ತೆ ತೋರಿಸುವ ನಕ್ಷೆ, ರಕ್ತ ಎಲ್ಲಿ ಕೊಡಬಹುದು ಅಂತ ತೆರೆ ಮೇಲೆ ತೋರಿಸುವ ಪ್ಲೇಟ್.

ಸಾವಿನ ಸಂಖ್ಯೆ ಮೊದಲ ಜಗಳ. ಒಂದು ಚಾನೆಲ್ ಹತ್ತು ಅನ್ನುತ್ತದೆ, ಇನ್ನೊಂದು ಇಪ್ಪತ್ತು. ನಾನು ಖಚಿತವಾದ ಕಡಿಮೆ ಸಂಖ್ಯೆಯನ್ನೇ ಹಾಕಿಸುತ್ತಿದ್ದೆ. ಪಕ್ಕದಲ್ಲೇ ಯಾರು ಹೇಳಿದ್ದು, ಎಷ್ಟು ಗಂಟೆಗೆ ಅಂತಲೂ ಇರಬೇಕು. ಸತ್ತವರ ಹೆಸರಂತೂ ಮನೆಯವರಿಗೆ ತಿಳಿದಿದೆ ಅಂತ ಖಾತ್ರಿಯಾಗುವವರೆಗೆ ಇಲ್ಲ.

ವಾಟ್ಸಾಪ್ ವಿಡಿಯೊಗಳದ್ದು ಬೇರೆ ಕಥೆ. ಒಂದು ಸಲ ಬಂದ ಕ್ಲಿಪ್‌ನಲ್ಲಿ ಹೊಗೆ, ಓಡುವ ಜನ, ಸೈರನ್ ಎಲ್ಲ ಇತ್ತು. ಎಡಿಟರ್ ಆಗಲೇ ಟೈಮ್‌ಲೈನ್‌ಗೆ ಎಳೆದಿದ್ದ. "ನೆಲ ನೋಡು" ಅಂದೆ. ರಸ್ತೆ ಒದ್ದೆಯಾಗಿತ್ತು. ಪಕ್ಕದ ಮಾನಿಟರ್‌ನಲ್ಲಿ ನಮ್ಮ ವರದಿಗಾರ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಲೈವ್‌ಗೆ ನಿಂತಿದ್ದ. ಒಂದು ಫ್ರೇಮ್ ತೆಗೆದು, ಚಿತ್ರ ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕುವ ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿದರೆ, ಅದು ಯಾವುದೋ ಹಳೇ ಬೆಂಕಿ ಅನಾಹುತದ್ದು.

ಇವೆಲ್ಲಕ್ಕಿಂತ ದೊಡ್ಡ ತಲೆನೋವು ಲೈವ್. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ ಗ್ರಾಮದಲ್ಲಿ ಉಗ್ರರು ಇಸ್ರೇಲಿ ಕ್ರೀಡಾಪಟುಗಳನ್ನು ಒತ್ತೆ ಇಟ್ಟುಕೊಂಡಾಗ, ಪೊಲೀಸರು ಚಾವಣಿ ಹತ್ತಿದ್ದು ಟಿವಿಯಲ್ಲಿ ನೇರವಾಗಿ ಬಂತು. ಒಳಗಿನ ಕೋಣೆಗಳಲ್ಲೂ ಟಿವಿ ಇತ್ತು. ಕಾರ್ಯಾಚರಣೆಯನ್ನೇ ಕೈಬಿಡಬೇಕಾಯಿತು. 2008ರ ಮುಂಬೈ ದಾಳಿಯಲ್ಲಿ ಪಾಕಿಸ್ತಾನದಲ್ಲಿ ಕೂತವರು ನಮ್ಮ ಚಾನೆಲ್‌ಗಳನ್ನು ನೋಡುತ್ತಲೇ ಹಂತಕರಿಗೆ ಫೋನ್‌ನಲ್ಲಿ ಸೂಚನೆ ಕೊಡುತ್ತಿದ್ದರು. 2012ರಲ್ಲಿ ಕಸಬ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ತರಾಟೆಗೆ ತೆಗೆದುಕೊಂಡಿತು. 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು: ಉಗ್ರರ ವಿರುದ್ಧದ ಕಾರ್ಯಾಚರಣೆ ಲೈವ್ ತೋರಿಸುವಂತಿಲ್ಲ, ಅದು ಮುಗಿಯುವವರೆಗೆ ನೇಮಕಗೊಂಡ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ.

ಕ್ಯಾಮೆರಾ ತಿರುಗಿಸಿದರೆ ಆಯ್ತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮಾತಲ್ಲೂ ಅಷ್ಟೇ ಅಪಾಯ ಇದೆ. "ಕಮಾಂಡೊಗಳು ಈಗ ಎಷ್ಟನೇ ಮಹಡಿಯಲ್ಲಿದ್ದಾರೆ?" ಅಂತ ಆಂಕರ್ ಬಾಯಿಗೆ ತಾನಾಗಿಯೇ ಬಂದುಬಿಡುತ್ತದೆ. ಅದಕ್ಕೇ ಕೇಳಬಾರದ ಪ್ರಶ್ನೆಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಆಂಕರ್ ಮೇಜಿಗೆ ಅಂಟಿಸಿದ್ದೆ. ಜೀವ ಉಳಿಸಿಕೊಳ್ಳಲು ಒಳಗೆ ಅಡಗಿರುವ ಜನರ ಜೊತೆ ಫೋನ್ ಸಂದರ್ಶನ ಬೇಡವೇ ಬೇಡ. 2015ರಲ್ಲಿ ಪ್ಯಾರಿಸ್‌ನ ಸೂಪರ್‌ಮಾರ್ಕೆಟ್ ದಾಳಿ ನಡೆಯುತ್ತಿರುವಾಗಲೇ, ಜನ ಕೋಲ್ಡ್ ರೂಮಿನಲ್ಲಿ ಅಡಗಿದ್ದಾರೆ ಅನ್ನುವ ಸಂಗತಿ ಟಿವಿಯಲ್ಲಿ ಬಂದಿತ್ತು. ಬದುಕಿ ಬಂದವರು ಆಮೇಲೆ ಕೋರ್ಟ್ ಮೆಟ್ಟಿಲೇರಿದರು. ಏರದೆ ಇನ್ನೇನು ಮಾಡ್ತಾರೆ?

ಯಾರು ಮಾಡಿದ್ದು ಅನ್ನುವುದಕ್ಕೂ ಅವಸರ ಬೇಡ. 2011ರ ನಾರ್ವೆ ದಾಳಿಯಲ್ಲಿ ಸ್ಟುಡಿಯೊ ಪರಿಣತರು ಜಿಹಾದಿಗಳತ್ತ ಬೆರಳು ತೋರಿಸಿದ್ದರು. ಸಿಕ್ಕಿಬಿದ್ದವನು ಅದೇ ದೇಶದ ಬಲಪಂಥೀಯ ಉಗ್ರ. ಹೀಗಾಗಿ ಮೊದಲ ದಿನ ಪ್ಯಾನೆಲ್ ಚರ್ಚೆ ಇಡುತ್ತಿರಲಿಲ್ಲ.

ಹಂತಕನ ಫೋಟೊ ಬಗ್ಗೆ ಮೇಲಿನವರ ಜೊತೆ ಜಾಸ್ತಿ ವಾದ ಆಗುತ್ತಿತ್ತು. 2016ರಲ್ಲಿ ನೀಸ್ ದಾಳಿಯ ನಂತರ ಫ್ರಾನ್ಸ್‌ನ 'ಲ ಮಾಂಡ್' ಪತ್ರಿಕೆ ಹಂತಕರ ಫೋಟೊ ಹಾಕುವುದನ್ನೇ ನಿಲ್ಲಿಸಿತು. 2019ರಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ 51 ಜನರನ್ನು ಕೊಂದವನು ಕೊಲ್ಲುವುದನ್ನೇ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ್ದ. ಅವನ ಹೆಸರನ್ನೇ ಹೇಳುವುದಿಲ್ಲ ಅಂದರು ಅಲ್ಲಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್. ನಾನು ಅಷ್ಟು ದೂರ ಹೋಗಲಿಲ್ಲ. ಆರೋಪಿ ಯಾರು ಅಂತ ಜನರಿಗೆ ಗೊತ್ತಾಗಬೇಕು ಅಲ್ವಾ? ಹೆಸರು ಹೇಳುತ್ತಿದ್ದೆವು. ಬಂದೂಕು ಹಿಡಿದು ಪೋಸು ಕೊಟ್ಟ ಫೋಟೊ, ಅವನೇ ಬರೆದ ಪ್ರಣಾಳಿಕೆ, ಅವನೇ ಮಾಡಿದ ವಿಡಿಯೊ ಇಲ್ಲ. "ಬೇರೆಯವರು ತೋರಿಸ್ತಿದ್ದಾರಲ್ರೀ" ಅನ್ನುವ ಮಾತು ಪ್ರತಿ ಸಲ ಬರುತ್ತಿತ್ತು. ರೇಟಿಂಗ್‌ನಲ್ಲಿ ಹಿಂದೆ ಬಿದ್ದ ವಾರಗಳೂ ಇವೆ.

ಹಾಗಂತ ಪೊಲೀಸರು ಹೇಳಿದ್ದನ್ನೇ ಓದಿಕೊಂಡು ಸುಮ್ನೆ ಕೂರುವುದಲ್ಲ. ಮುನ್ನೆಚ್ಚರಿಕೆ ಬಂದಿತ್ತಾ, ಆಂಬುಲೆನ್ಸ್ ಯಾಕೆ ತಡವಾಯಿತು, ಹಿಡಿದು ತಂದವರನ್ನು ಯಾವ ಸಾಕ್ಷ್ಯದ ಮೇಲೆ ಹಿಡಿದರು ಅನ್ನುವ ಪ್ರಶ್ನೆಗಳನ್ನು ಅದೇ ರಾತ್ರಿ ಬರೆದಿಡುತ್ತಿದ್ದೆ. ಕಾರ್ಯಾಚರಣೆ ಮುಗಿದು ಮೊದಲ ಪತ್ರಿಕಾಗೋಷ್ಠಿ ಕರೆದಾಗ ಆ ಹಾಳೆ ಕ್ರೈಂ ವರದಿಗಾರನ ಕೈಯಲ್ಲಿರುತ್ತಿತ್ತು.