ಎಂಟು ವಾರ ಬಿಟ್ಟು ಇನ್ನೊಂದು ಸಿ3

"ಮಕ ಊದ್ಕಂಡದೆ ಸಾ. ಉಚ್ಚೆ ಟೀ ಡಿಕಾಕ್ಸನ್ ಇದ್ದಂಗ್ ಬತ್ತದೆ" ಎಂದು ಅಜ್ಜಿ ಹೇಳುತ್ತಿದ್ದಂತೆ ನಾನು ಹುಡುಗನ ಕಾಲು ನೋಡಿದೆ. ಮೊಣಕಾಲ ಕೆಳಗೆ ಕಜ್ಜಿ ಒಣಗಿ ಉಳಿದ ಕಪ್ಪು ಕಲೆಗಳು. "ಇದು ಯಾವಾಗ ಆಗಿತ್ತಜ್ಜಿ?" "ವಾಸಿಯಾಗಿ ತಿಂಗ್ಳಾಯ್ತು ಕನ್ ಸಾ, ಅದ್ಕೂ ಇದ್ಕೂ ಏನ್ ಸಂಬಂದ?"

ಸಂಬಂಧ ಇದೆ. ಮಂಡ್ಯದಲ್ಲಿ ಮಕ್ಕಳ ಡಾಕ್ಟರಾಗಿ ನಾನು ಮನೆಯವರಿಗೆ ಮತ್ತೆ ಮತ್ತೆ ಬಿಡಿಸಿ ಹೇಳಿದ ವಿಷಯಗಳಲ್ಲಿ ಇದೂ ಒಂದು. ಸ್ಟ್ರೆಪ್ಟೋಕಾಕಸ್ ರೋಗಾಣುವಿನಿಂದ ಗಂಟಲು ನೋವು ಬಂದರೆ ಒಂದರಿಂದ ಮೂರು ವಾರಕ್ಕೆ, ಚರ್ಮದ ಹುಣ್ಣಾದರೆ ಮೂರರಿಂದ ಆರು ವಾರಕ್ಕೆ ಕೆಲವು ಮಕ್ಕಳ ಕಿಡ್ನಿ ಉರಿಯೂತಕ್ಕೆ ಸಿಕ್ಕುತ್ತದೆ. ಅಷ್ಟು ಹೊತ್ತಿಗೆ ಹುಣ್ಣು ಮಾಯ್ದಿರುತ್ತದೆ. ಆದರೆ ರೋಗಾಣುವಿನ ಅಂಶಗಳೂ ಅವನ್ನು ಹಿಡಿದ ಪ್ರತಿಕಾಯಗಳೂ (ಆಂಟಿಬಾಡಿ) ಕಿಡ್ನಿಯ ಜರಡಿಯಲ್ಲಿ ಕೂತು ಕಾಂಪ್ಲಿಮೆಂಟನ್ನು ಎಬ್ಬಿಸುತ್ತವೆ.

ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿ ಸುಮ್ಮನೆ ಓಡಾಡಿಕೊಂಡಿರುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಪಡೆ. ಹೆಚ್ಚಿನವು ತಯಾರಾಗುವುದು ಲಿವರಿನಲ್ಲಿ. ಅದು ಎಚ್ಚರಗೊಳ್ಳುವ ದಾರಿ ಮೂರು. ಮೂರೂ ಬಂದು ಸೇರುವುದು ಸಿ3 ಎಂಬ ಪ್ರೋಟೀನಿನಲ್ಲಿ. ಸಿ3 ಸೀಳಿದಾಗ ದೊಡ್ಡ ತುಂಡು ಅಲ್ಲೇ ಅಂಟಿಕೊಂಡು ಗುರುತು ಹಾಕುತ್ತದೆ. ಮುಂದೆ ಸಿ5 ಸೀಳಿ ಹೊರಬೀಳುವ ಸಿ5ಎ ಎಂಬ ಚೂರು ಬಿಳಿ ರಕ್ತಕಣಗಳನ್ನು ಕೂಗಿ ಕರೆಯುತ್ತದೆ. ಕೊನೆಯಲ್ಲಿ ಸಿ5ಬಿಯಿಂದ ಸಿ9ರವರೆಗಿನವು ಸೇರಿ ಜೀವಕೋಶದ ಪೊರೆಗೆ ತೂತು ಕೊರೆಯುತ್ತವೆ. ರೋಗಾಣುವಿನ ಮೇಲೆ ನಡೆದರೆ ಇದು ರಕ್ಷಣೆ. ಕಿಡ್ನಿಯ ಜರಡಿಯಲ್ಲಿ ನಡೆದರೆ ಮೂತ್ರದಲ್ಲಿ ರಕ್ತ, ಮುಖದಲ್ಲಿ ಊತ, ಏರಿದ ಬಿ.ಪಿ.

ಹುಡುಗನ ಸಿ3 ಡೆಸಿಲೀಟರಿಗೆ 31 ಮಿಲಿಗ್ರಾಂ ಬಂತು, 90ರ ಮೇಲಿರಬೇಕಿತ್ತು. ಅದೇ ಪಡೆಯ ಇನ್ನೊಂದು ಪ್ರೋಟೀನು ಸಿ4 ಸರಿಯಿತ್ತು. ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿಯಿಂದ ಇಳಿದಿದೆ ಅಂದರೆ ಒಳಹರಿವು ನಿಂತಿರಬೇಕು, ಇಲ್ಲ ನಾಲೆಗೆ ಬಿಟ್ಟಿರಬೇಕು. ಇಲ್ಲಿ ಖರ್ಚಾಗಿ ಇಳಿದಿದೆ. ಇದಕ್ಕೊಂದು ತಿರುವೂ ಇದೆ, ಇದನ್ನು ಅರ್ಥಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು: ಉರಿಯೂತ ಇದ್ದಾಗ ಲಿವರ್ ಹೆಚ್ಚು ಸಿ3 ಮಾಡುತ್ತದೆ. ಒಳಹರಿವೂ ಜೋರು, ಹೊರಹರಿವೂ ಜೋರು ಇದ್ದರೆ ಮಟ್ಟ ಸರಿಯಾಗೇ ಕಾಣುತ್ತದೆ. ಹಾಗಾಗಿ ಸಿ3 ನಾರ್ಮಲ್ ಬಂತೆಂದು ನಾನೀಗ ಫೈಲು ಮುಚ್ಚುವುದಿಲ್ಲ.

ಫೈಲು ಮುಚ್ಚಿ ತಪ್ಪು ಮಾಡಿದವನು ನಾನು. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಹದಿಮೂರರ ಹುಡುಗಿಯೊಬ್ಬಳು ಇದೇ ಊತ, ಇದೇ ಬಣ್ಣದ ಮೂತ್ರದೊಂದಿಗೆ ಬಂದಿದ್ದಳು. ಅಪ್ಪ ಆಲೆಮನೆಯಲ್ಲಿ ಕೂಲಿ. ಖರ್ಚು ಉಳಿಯಲಿ ಎಂದು ಸಿ3 ಒಂದನ್ನೇ ಬರೆದೆ. ಕಡಿಮೆ ಬಂತು. ಸೋಂಕಿನ ನಂತರದ್ದೇ ಎಂದು ತೀರ್ಮಾನಿಸಿ, ಉಪ್ಪು ಬಿಡಿಸಿ, ಮೂತ್ರ ಹೋಗುವ ಮಾತ್ರೆ ಕೊಟ್ಟೆ. ಊತ ಇಳಿಯಿತು; ಮತ್ತೆ ಕರೆಸಲಿಲ್ಲ. ಏಳು ತಿಂಗಳ ಮೇಲೆ ಕೈಬೆರಳ ಗಂಟುಗಳು ನೋಯುತ್ತಿದ್ದವು, ಕೂದಲು ಉದುರಿತ್ತು, ಕೆನ್ನೆ ಕೆಂಪಾಗಿತ್ತು. ಈ ಸಲ ಸಿ3, ಸಿ4 ಎರಡೂ ನೆಲ ಕಚ್ಚಿದ್ದವು. ಮೈಸೂರಿನಲ್ಲಿ ಮಾಡಿಸಿದ ಕಿಡ್ನಿ ಬಯಾಪ್ಸಿ ಲೂಪಸ್ ಎಂದಿತು, ಅಂದರೆ ದೇಹದ ಪ್ರತಿಕಾಯಗಳು ತನ್ನದೇ ಅಂಗಗಳ ಮೇಲೆ ಬೀಳುವ ಕಾಯಿಲೆ. ಕಳೆದುಹೋದ ಆ ಏಳು ತಿಂಗಳು ನನ್ನ ತಲೆಯ ಮೇಲಿವೆ.

ಲೂಪಸ್‌ನಲ್ಲಿ ಕಾಂಪ್ಲಿಮೆಂಟ್ ಸಾಮಾನ್ಯವಾಗಿ ಪ್ರತಿಕಾಯದ ದಾರಿಯಲ್ಲೇ ಏಳುವುದರಿಂದ ಸಿ3ರ ಜೊತೆ ಸಿ4 ಕೂಡ ಸವೆಯುತ್ತದೆ. ಸ್ಟ್ರೆಪ್ಟೋಕಾಕಸ್ ನಂತರದ ಕಾಯಿಲೆಯಲ್ಲಿ ಬಹುಪಾಲು ಬೇರೆ ದಾರಿ, ಸಿ4 ಸಾಮಾನ್ಯವಾಗಿ ಉಳಿದಿರುತ್ತದೆ. ಅಂದು ಸಿ4 ಬರೆದಿದ್ದರೆ ಸುಳಿವು ಅಂದೇ ಸಿಗಬಹುದಿತ್ತು.

ಅಂದಿನಿಂದ ಎರಡನ್ನೂ ಒಟ್ಟಿಗೇ ಬರೆಯುತ್ತೇನೆ. ಚರ್ಮದ ಹುಣ್ಣಿನಿಂದ ಬಂದಿದ್ದರೆ ಸ್ಟ್ರೆಪ್ಟೋಕಾಕಸ್ ಸೋಂಕಿನ ಸುಳಿವು ಹುಡುಕುವ ಎ.ಎಸ್.ಒ. ಎಂಬ ರಕ್ತಪರೀಕ್ಷೆಯ ಅಂಕಿ ಏರದೆಯೂ ಇರಬಹುದು, ಅದನ್ನೊಂದನ್ನೇ ನಂಬುವುದಿಲ್ಲ. ಸಾಧ್ಯವಿದ್ದಲ್ಲಿ ಅದೇ ಕೆಲಸದ ಇನ್ನೊಂದು ಪರೀಕ್ಷೆ, ಆಂಟಿ ಡಿಎನ್‌ಏಸ್ ಬಿ ಕೇಳುತ್ತೇನೆ. ರಕ್ತದ ಟ್ಯೂಬು ಬಿಸಿಲಲ್ಲಿ ಕೂರಬಾರದು. ಕಾಂಪ್ಲಿಮೆಂಟಿನ ಕೆಲಸವನ್ನೇ ಅಳೆಯುವ ಸಿಎಚ್50 ಪರೀಕ್ಷೆಗಂತೂ ಸೀರಂ ಬೇಗ ಬೇರ್ಪಡಿಸಿ ಹೆಪ್ಪುಗಟ್ಟಿಸಿಯೇ ಕಳಿಸಬೇಕು. ವಿಡಿಆರ್‌ಎಲ್ ಎಂಬ ಸಿಫಿಲಿಸ್ ಪರೀಕ್ಷೆ ಮಾಡುವಾಗ ಹಳೆಯ ಲ್ಯಾಬಿನವರು ಸೀರಂ ಅನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಿದ್ದದ್ದೂ ಕಾಂಪ್ಲಿಮೆಂಟನ್ನು ಸಾಯಿಸಲಿಕ್ಕೇ. ಎಲ್ಲಕ್ಕಿಂತ ಮುಖ್ಯವಾಗಿ, ಚೀಟಿಯ ಮೇಲ್ಭಾಗದಲ್ಲೇ ಎಂಟು ವಾರದ ನಂತರದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಸೋಂಕಿನ ನಂತರದ್ದೇ ಆದರೆ ಅಷ್ಟರಲ್ಲಿ ಸಿ3 ಸಾಮಾನ್ಯವಾಗಿ ಮೇಲೆದ್ದಿರುತ್ತದೆ. ಹನ್ನೆರಡು ವಾರವಾದರೂ ಏಳದಿದ್ದರೆ ಮೈಸೂರಿನ ಕಿಡ್ನಿ ತಜ್ಞರಿಗೆ ಫೋನು ಮಾಡುತ್ತೇನೆ. ಆಗ ಸಿ3 ಗ್ಲೋಮೆರುಲೋಪತಿ (ಕಾಂಪ್ಲಿಮೆಂಟ್ ಹದ ತಪ್ಪಿ ಸಿ3 ಕಿಡ್ನಿಯಲ್ಲಿ ಕೂರುತ್ತಲೇ ಇರುವ ಕಾಯಿಲೆ), ಲೂಪಸ್ ಎರಡನ್ನೂ ಹುಡುಕಲೇಬೇಕು.

ಹುಡುಗನ ಅಜ್ಜಿ ಆ ತಾರೀಖಿಗೆ ಸರಿಯಾಗಿ ಬಂದರು. ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಸಿ3 112. ಮೂತ್ರದಲ್ಲಿ ಬರಿಗಣ್ಣಿಗೆ ಕಾಣದ ರಕ್ತಕಣ ಇನ್ನೂ ಸ್ವಲ್ಪ ಇದ್ದವು, ಅವು ಹೋಗಲು ತಿಂಗಳುಗಳು ಬೇಕಾಗುತ್ತವೆ. "ಇನ್ನೂ ಬರ್ಬೇಕಾ ಸಾ?" ಅಂದರು. ಬರಬೇಕಜ್ಜಿ ಎಂದು ಕೆಂಪು ಪೆನ್ನು ತೆಗೆದೆ.