ಲಿಸ್ಬನ್‌ನ ಅಲ್ಫಾಮಾವನ್ನು ನಮ್ಮವರಿಗೆ ನಾನು ತೋರಿಸುವ ದಾರಿ

ಲಿಸ್ಬನ್‌ಗೆ ಬರುವ ಗೆಳೆಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇಲ್ಲಿನ ಹಳೇ ಊರು ಅಲ್ಫಾಮಾ ತೋರಿಸುವುದು ನನಗೆ ತುಂಬ ಇಷ್ಟದ ಕೆಲಸ. ಜಾಸ್ತಿ ಜನ ಟ್ರಾಮ್ ಹತ್ತಿ ನೇರ ಗುಡ್ಡದ ಮೇಲೆ ಹೋಗಿ, ಫೋಟೊ ತೆಗೆದು ಇಳಿದುಬಿಡುತ್ತಾರೆ. ನಾನು ಹಾಗೆ ಕರೆದುಕೊಂಡು ಹೋಗುವುದಿಲ್ಲ. ಮೊದಲು ಬಿದ್ದುಹೋದ ಊರು, ಆಮೇಲೆ ಉಳಿದುಕೊಂಡ ಊರು. ಈ ಕ್ರಮದಲ್ಲಿ ನೋಡದಿದ್ದರೆ ಅಲ್ಫಾಮಾ ಬರೀ ಚಂದದ ಓಣಿಗಳಾಗಿ ಕಾಣುತ್ತದೆ, ಅದು ಯಾಕೆ ಹಾಗಿದೆ ಅನ್ನುವುದು ಗೊತ್ತಾಗುವುದೇ ಇಲ್ಲ.

ಹಾಗಾಗಿ ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ತೇಜೊ ನದಿ ದಡದ ದೊಡ್ಡ ಚೌಕ ತೆರೈರೊ ದೊ ಪಾಸೊಗೆ ಬರಲು ಹೇಳುತ್ತೇನೆ. ಆ ಹೊತ್ತಿಗೆ ಒಂದು ಕಾರಣವಿದೆ. 1755ರ ನವೆಂಬರ್ 1, ಶನಿವಾರ, ಸಕಲ ಸಂತರ ಹಬ್ಬ. ಜನ ಚರ್ಚುಗಳಲ್ಲಿ ತುಂಬಿದ್ದರು. ಸುಮಾರು 9.40ಕ್ಕೆ ಭೂಮಿ ನಡುಗಿತು. ಹಬ್ಬಕ್ಕೆ ಹಚ್ಚಿಟ್ಟ ಮೇಣದಬತ್ತಿಗಳಿಂದ, ಅಡುಗೆ ಒಲೆಗಳಿಂದ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ಕಟ್ಟಡ ಬೀಳುತ್ತವೆ ಎಂದು ಹೆದರಿ ನದಿ ಕಡೆಯ ಬಯಲಿಗೆ ಓಡಿಬಂದವರ ಮೇಲೆ ಸುನಾಮಿ ಅಲೆ ಬಂತು. ಈ ಚೌಕದ ಪಕ್ಕದಲ್ಲೇ ಇದ್ದ ರಾಜರ ಅರಮನೆ, ಅದರ ಗ್ರಂಥಾಲಯ, ಭಾರತದ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಾಸಾ ದ ಇಂಡಿಯಾ ಕಚೇರಿ, ಎಲ್ಲವೂ ಹೋದವು. ನಮ್ಮ ಕರಾವಳಿಯ ಕಾಳುಮೆಣಸಿನ ಲೆಕ್ಕ ಇಟ್ಟ ಜಾಗ ಅದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ನೆ ಅಲ್ಲ.

ಚೌಕದ ಹಿಂದಿರುವ ಬಾಯ್ಶಾ ಪ್ರದೇಶವನ್ನು ರಾಜನ ಮಂತ್ರಿ ಮಾರ್ಕೆಸ್ ದೆ ಪೊಂಬಾಲ್ ಮುಂದಾಳತ್ವದಲ್ಲಿ ಹೊಸದಾಗಿ ಕಟ್ಟಿದರು. ನೇರ ಬೀದಿಗಳು, ಒಂದೇ ಎತ್ತರದ ಮನೆಗಳು, ಗೋಡೆಯೊಳಗೆ ಭೂಕಂಪ ತಡೆಯಲು ಮರದ ಚೌಕಟ್ಟು. ಸೈನಿಕರನ್ನು ಸುತ್ತ ಕವಾಯತು ಮಾಡಿಸಿ ಆ ಚೌಕಟ್ಟನ್ನು ಪರೀಕ್ಷೆ ಮಾಡಿದರಂತೆ. ಒಂದೊಂದು ಬೀದಿಗೆ ಒಂದೊಂದು ಕಸುಬಿನ ಹೆಸರು. ಚಿನ್ನದವರದು, ಬೆಳ್ಳಿಯವರದು, ಚಮ್ಮಾರರದು, ಬಟ್ಟೆ ವ್ಯಾಪಾರಿಗಳದು. ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನೇರ ಗೆರೆ ಕಣ್ಣಿಗೆ ಬಿದ್ದರೆ ಸಾಕು.

ಅಲ್ಲಿಂದ ನದಿ ಪಕ್ಕದಲ್ಲೇ ಸ್ವಲ್ಪ ದೂರ ನಡೆದರೆ ಕಾಸಾ ದೊಸ್ ಬೀಕೊಸ್. ಮುಂಭಾಗದ ಗೋಡೆ ತುಂಬ ವಜ್ರದ ಹಾಗೆ ಚೂಪಾಗಿ ಕಡೆದ ಕಲ್ಲುಗಳು. 1523ರಲ್ಲಿ ಕಟ್ಟಿಸಿದವನು ಬ್ರಾಸ್ ದೆ ಅಲ್ಬುಕರ್ಕ್, ಗೋವಾ ಗೆದ್ದ ಅಫೊನ್ಸೊ ದೆ ಅಲ್ಬುಕರ್ಕ್‌ನ ಮಗ. ಇಲ್ಲಿ ನಾನು ಧಾರಾಳವಾಗಿ ಸಮಯ ತೆಗೆದುಕೊಳ್ಳುತ್ತೇನೆ. 1510ರಲ್ಲಿ ಬಿಜಾಪುರದ ಆದಿಲ್ ಶಾಹಿಗಳಿಂದ ಗೋವಾ ಕಿತ್ತುಕೊಳ್ಳಲು ಅಲ್ಬುಕರ್ಕ್‌ಗೆ ಕುಮ್ಮಕ್ಕು ಕೊಟ್ಟು, ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಬಿಜಾಪುರ, ಹೊನ್ನಾವರ ಎರಡೂ ಈ ಗೋಡೆಯ ಕಥೆಯಲ್ಲಿವೆ ಎಂದು ಹೇಳಿದ ಕೂಡಲೇ, ಅದುವರೆಗೆ ಸುಮ್ಮನೆ ಹಿಂದೆ ಬರುತ್ತಿದ್ದ ಹಿರಿಯರು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಭೂಕಂಪದಲ್ಲಿ ಈ ಮನೆಯ ಮೇಲಿನ ಎರಡು ಅಂತಸ್ತು ಉರುಳಿದವು. ಅವನ್ನು ಮತ್ತೆ ಕಟ್ಟಿದ್ದು 1980ರ ದಶಕದಲ್ಲಿ. ಈಗ ಅಲ್ಲಿರುವುದು ನೊಬೆಲ್ ಪಡೆದ ಲೇಖಕ ಜೋಸೆ ಸರಮಾಗೊ ಅವರ ಪ್ರತಿಷ್ಠಾನ. ಎದುರಿನ ಆಲಿವ್ ಮರದ ಬುಡದಲ್ಲಿ ಅವರ ಚಿತಾಭಸ್ಮ ಇದೆ.

ಇನ್ನು ಏರು. "ಏನಪ್ಪಾ, ಇಷ್ಟೆಲ್ಲಾ ಹತ್ತಬೇಕಾ?" ಅನ್ನುವ ಅಮ್ಮಂದಿರು ಇದ್ದೇ ಇರುತ್ತಾರೆ. ಅದಕ್ಕೆ ಸೇ ಕೆಥೆಡ್ರಲ್‌ವರೆಗೆ ನಿಧಾನವಾಗಿ ನಡೆಸಿ, ಅಲ್ಲಿ ಕೂರಿಸುತ್ತೇನೆ. 1147ರಲ್ಲಿ ಪೋರ್ಚುಗಲ್ಲಿನ ಮೊದಲ ರಾಜ ಅಫೊನ್ಸೊ ಹೆನ್ರಿಕೆಸ್ ಮುಸ್ಲಿಂ ಆಳ್ವಿಕೆಯಿಂದ ಊರನ್ನು ಗೆದ್ದ ಮೇಲೆ ಮಸೀದಿ ಇದ್ದ ಜಾಗದಲ್ಲಿ ಕಟ್ಟಲು ಶುರು ಮಾಡಿದ ಕೆಥೆಡ್ರಲ್ ಇದು. ಮಂಡಿ ನೋವಿರುವವರನ್ನು ಇಲ್ಲಿಂದ 28ನೇ ಟ್ರಾಮ್ ಹತ್ತಿಸಿ, ಮೇಲೆ ನದಿ ಕಾಣುವ ಕಟ್ಟೆ ಪೋರ್ತಾಸ್ ದೊ ಸೋಲ್‌ನಲ್ಲಿ ಇಳಿಯಿರಿ ಎನ್ನುತ್ತೇನೆ. ಟ್ರಾಮ್ ತುಂಬಿ ತುಳುಕುತ್ತಿದ್ದರೆ, ಹಣ ಮತ್ತು ಪಾಸ್‌ಪೋರ್ಟ್ ಮುಂದಿನ ಜೇಬಿನಲ್ಲಿ ಇರಲಿ. ಜೇಬುಗಳ್ಳರಿಗೆ ಈ ಟ್ರಾಮ್ ಬಹಳ ಇಷ್ಟ.

ಪೋರ್ತಾಸ್ ದೊ ಸೋಲ್ ಪಕ್ಕದಲ್ಲೇ ಸಾಂತಾ ಲುಜಿಯಾ ಚರ್ಚು. ಎಲ್ಲರೂ ಅಲ್ಲಿ ನದಿ ನೋಡುತ್ತಾರೆ, ನಾನು ಮೊದಲು ಚರ್ಚಿನ ಗೋಡೆ ನೋಡಿ ಎನ್ನುತ್ತೇನೆ. ನೀಲಿ ಬಿಳಿ ಟೈಲ್ಸ್‌ನ ಒಂದು ಚಿತ್ರದಲ್ಲಿ ಭೂಕಂಪಕ್ಕೆ ಮುಂಚಿನ ಆ ಚೌಕ ಇದೆ, ಅರಮನೆ ಸಮೇತ. ಈಗಷ್ಟೇ ಅಲ್ಲಿ ಓಡಾಡಿ ಬಂದವರಿಗೆ ಏನೆಲ್ಲಾ ಹೋಯಿತು ಅನ್ನುವುದು ಆ ಕ್ಷಣಕ್ಕೆ ಮನಸ್ಸಿಗೆ ನಾಟುತ್ತದೆ. ನಾನು ದಾರಿಯನ್ನು ಹೀಗೆ ಜೋಡಿಸಿದ್ದೇ ಈ ಗೋಡೆಗಾಗಿ. ಇನ್ನೊಂದು ಚಿತ್ರದಲ್ಲಿ 1147ರ ಕೋಟೆ ಮುತ್ತಿಗೆ ಇದೆ.

ಆಮೇಲೆ ಇಳಿಜಾರು. ಸಾಂತಾ ಲುಜಿಯಾ ಪಕ್ಕದ ಮೆಟ್ಟಿಲಲ್ಲಿ ಹಳೇ ಕೋಟೆ ಗೋಡೆಯ ಬದಿಯಿಂದ ಅಲ್ಫಾಮಾದೊಳಕ್ಕೆ. ಬಾಯ್ಶಾ ನಿಂತಿದ್ದು ನದಿ ತಂದು ಹಾಕಿದ ಮೆತ್ತನೆ ಮಣ್ಣಿನ ಮೇಲೆ. ಈ ಗುಡ್ಡದ ನೆಲ ಗಟ್ಟಿ. ಇಲ್ಲೂ ಪೆಟ್ಟಾಯಿತು, ಚರ್ಚುಗಳು ಹಾಳಾದವು, ಆದರೆ ಓಣಿಗಳ ಹೆಣಿಗೆ ಹಾಗೇ ಉಳಿಯಿತು. ಬೆಳಗ್ಗೆ ನೇರ ಗೆರೆ ನೋಡಿದ ಕಣ್ಣಿಗೆ ಈ ಸೊಟ್ಟ ತಿರುವುಗಳು, ತಲೆ ಮೇಲಿನ ಕಮಾನುಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಸಂದುಗಳು, ಎಲ್ಲ ಬೇರೆಯಾಗಿಯೇ ಕಾಣುತ್ತವೆ. ಜೂನ್ 12ರ ರಾತ್ರಿ, ಸಂತ ಆಂಟನಿ ಹಬ್ಬದ ಮುನ್ನಾದಿನ, ಇಲ್ಲೆಲ್ಲಾ ಬಣ್ಣದ ಕಾಗದದ ತೋರಣ, ಸುಟ್ಟ ಸಾರ್ಡೀನ್ ಮೀನಿನ ಹೊಗೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಹಿರಿಯರು ಜೊತೆಗಿದ್ದರೆ ಆ ರಾತ್ರಿ ಬೇಡ.

ಓಣಿಯೊಳಗೆ ನಾನು ಕಥೆ ಹೇಳುವುದಿಲ್ಲ. ಕಿಟಕಿಯ ಪಕ್ಕದಲ್ಲೇ ಯಾರೋ ಮಲಗಿರುತ್ತಾರೆ, ಬಾಗಿಲಲ್ಲಿ ಅಜ್ಜಿ ಕೂತಿರುತ್ತಾರೆ, ತಲೆ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಬಟ್ಟೆಯ ಫೋಟೊ ತೆಗೆಯಲಿ, ಅಜ್ಜಿಯ ಫೋಟೊ ಕೇಳದೆ ತೆಗೆಯಬಾರದು. ಹೇಳಬೇಕಾದದ್ದನ್ನೆಲ್ಲ ಸಾವ್ ಮಿಗೆಲ್ ಚರ್ಚಿನ ಎದುರಿನ ಬಯಲಲ್ಲಿ ನಿಂತು ಹೇಳುತ್ತೇನೆ. ಗುಂಪು ದೊಡ್ಡದಾದರೆ ಇದು ಸಾಧ್ಯವೇ ಇಲ್ಲ, ಅದಕ್ಕೇ ಒಂದು ಮನೆಯವರನ್ನು ಮಾತ್ರ ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿನ ಎಷ್ಟೋ ಮನೆಗಳು ಈಗ ಪ್ರವಾಸಿಗರ ಬಾಡಿಗೆ ಕೋಣೆಗಳಾಗಿವೆ. ಉಳಿದಿರುವ ನಾಲ್ಕು ಜನರ ನೆಮ್ಮದಿಯನ್ನೂ ನಾವು ಕೆಡಿಸಬೇಕಾ? ನನಗಂತೂ ಇದು ನಿಜವಾಗಿ ನೋವಿನ ವಿಷಯ.

ಮಳೆ ಬಂದರೆ ದಾರಿ ಬದಲು. ಇಲ್ಲಿನ ಪಾದಚಾರಿ ದಾರಿಯ ಸುಣ್ಣಕಲ್ಲು ಸವೆದು ನುಣುಪಾಗಿದೆ, ಒದ್ದೆಯಾದರೆ ಭಯಂಕರ ಜಾರುತ್ತದೆ. ಆಗ ಮೆಟ್ಟಿಲು ಬಿಟ್ಟು, ಸೇ ಹಿಂದಿನಿಂದ ರುವಾ ದೆ ಸಾವ್ ಜುವಾಂವ್ ದ ಪ್ರಾಸಾ ಹಿಡಿದರೆ ಇಳಿಜಾರು ಕಡಿಮೆ. ಆ ದಾರಿಯಲ್ಲಿ ಹಳೇ ಕೋಟೆ ಬುರುಜಿನ ತುಂಡು ಸಿಗುತ್ತದೆ, ಪಕ್ಕದಲ್ಲೇ ಯೆಹೂದಿಗಳ ಹಳೇ ಓಣಿ ಇದೆ. 1496ರಲ್ಲಿ ರಾಜ ಮನುವೆಲ್ ಊರು ಬಿಡಿ ಎಂದು ಆಜ್ಞೆ ಹೊರಡಿಸುವವರೆಗೆ ಅವರು ಇಲ್ಲಿ ಬಾಳಿದ್ದರು. ಚಪ್ಪಲಿ ಯಾವ ದಿನಕ್ಕೂ ಬೇಡ, ರಬ್ಬರ್ ತಳದ ಶೂ ಇರಲಿ.

ಊಟದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿನ ಹೆಸರಾಂತ ಸಿಹಿ ತಿಂಡಿ ಪಾಸ್ಟೆಲ್ ದೆ ನಾತಾದಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಕಾಲ್ದೊ ವೆರ್ದೆ ಹಸಿರು ಸೂಪ್ ಆದರೂ ಅದರಲ್ಲಿ ಸಾಮಾನ್ಯವಾಗಿ ಹಂದಿ ಸಾಸೇಜ್ ಹಾಕುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ನಮ್ಮ ಹಿರಿಯರಿಗೆ ಹಿಡಿಸುವುದು ಹಾಲು ಜಾಸ್ತಿ ಇರುವ ಗಲಾಂವ್ ಕಾಫಿ.

ನಡಿಗೆ ಮುಗಿಯುವುದು ಕೆಳಗಿನ ಶಫರೀಜ್ ದೆ ದೆಂತ್ರೊ ಬಯಲಲ್ಲಿ, ಫಾದೊ ಮ್ಯೂಸಿಯಂ ಎದುರು. ಫಾದೊ ಅಂದರೆ ಲಿಸ್ಬನ್ನಿನ ಹಾಡಿನ ಸಂಪ್ರದಾಯ. ಮಧ್ಯಾಹ್ನ ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೇ ಹಾಡುಗಳನ್ನು ಕೇಳಬಹುದು. ಸಂಜೆ ಹೋಟೆಲಿನಲ್ಲಿ ಫಾದೊ ಕೇಳುವುದಾದರೆ, ಹಾಡು ಶುರುವಾದ ಮೇಲೆ ಮಾತು, ತಟ್ಟೆ ಸದ್ದು ಎರಡೂ ನಿಲ್ಲಬೇಕು ಎಂದು ಮಕ್ಕಳಿಗೂ ಹೇಳಿಡಿ. ವಾಪಸ್ ಹೋಗಲು ಸಾಂತಾ ಅಪೊಲೋನಿಯಾ ಮೆಟ್ರೊ ಸಮತಟ್ಟು ದಾರಿಯಲ್ಲೇ ಹತ್ತಿರ. ನೀಲಿ ಲೈನ್ ಹತ್ತಿದರೆ ಮುಂದಿನ ನಿಲ್ದಾಣವೇ ಬೆಳಗ್ಗೆ ಹೊರಟ ಚೌಕ.